ಹಳ್ಳಿಯ ಶಾಲೆಗೆ ಹೊಸ ಕೊಠಡಿ

ನಮ್ಮ ಹೊಸೂರು, ಕೃಷ್ಣಗಿರಿ ಕಡೆಯ ಹಳ್ಳಿಗಳಲ್ಲಿ ಶಾಲೆಗೆ ಕೊಠಡಿ ಸೇರಿಸುವಾಗ ಊರವರು ಮೊದಲು ವಿಚಾರಿಸುವುದು ಖರ್ಚನ್ನು. ವಿಚಾರಿಸಬೇಕಾದುದು ಮಕ್ಕಳು ಹೊರಬರುವ ದಾರಿಯನ್ನು. 2004ರ ಜುಲೈ 16ರಂದು ಕುಂಭಕೋಣದ ಶಾಲೆಯೊಂದರಲ್ಲಿ ಅಡಿಗೆಮನೆಯ ಬೆಂಕಿ ಗರಿಯ ಚಾವಣಿಗೆ ಹತ್ತಿತು, ಮೆಟ್ಟಿಲು ಇಕ್ಕಟ್ಟು, 94 ಮಕ್ಕಳು ಅಸುನೀಗಿದರು. ಆದ್ದರಿಂದ ಅಡಿಗೆಮನೆ ತರಗತಿಯಿಂದ ದೂರವಿರಲಿ, ಬಾಗಿಲು ಅಗಲವಾಗಿದ್ದು ಹೊರಕ್ಕೆ ತೆರೆಯಲಿ.

ಹಳೆಯ ಗೋಡೆ ಗಟ್ಟಿಯಿದ್ದರೆ ಕೆಡಹುವುದೇಕೆ? ಆದರೆ ಹೊಸ ಗೋಡೆಯನ್ನು ಅದಕ್ಕೆ ಅಂಟಿಸದೆ ಸಂದು ಬಿಡಬೇಕು. ಹೊಸ ಅಡಿಪಾಯ ತುಸು ಇಳಿಯುವುದು ಸಹಜ. ಅಂಟಿಸಿದರೆ ಬಿರುಕು ಖಂಡಿತ. ಕಿಟಕಿಗಳು ಉತ್ತರ ದಕ್ಷಿಣಕ್ಕಿದ್ದರೆ ಸಂಜೆಯ ಓರೆಬಿಸಿಲು ಕಪ್ಪುಹಲಗೆಯ ಮೇಲೆ ಬೀಳದು.

2009ರ ಶಿಕ್ಷಣ ಹಕ್ಕು ಕಾಯಿದೆಯು ಅಡೆತಡೆಯಿಲ್ಲದ ದಾರಿಯನ್ನೂ ಕೇಳುತ್ತದೆ. ಒಂದಡಿ ಎತ್ತರದ ಜಗಲಿಗೆ ಹನ್ನೆರಡಡಿ ಉದ್ದದ ಇಳಿಜಾರು ಬೇಕು. ನಮ್ಮ ಕಡೆಯ ಕಲ್ಲುಚಪ್ಪಡಿಯೇ ಸಾಕು, ನುಣುಪು ಮಾಡಿಸಬೇಡಿ, ಮಳೆಗೆ ಜಾರುತ್ತದೆ.