ವಿಳಾಸ ನಿನ್ನ ಹಳೆಯ ಮೇಲ್‌ನಲ್ಲೇ ಇದೆ

ಶಿಫಾರಸು ಪತ್ರ ಬೇಕು, ಮೇಷ್ಟ್ರ ಮೇಲ್ ವಿಳಾಸ ಯಾರ ಹತ್ತಿರ ಇದೆ ಅಂತ ಕ್ಲಾಸಿನ ವಾಟ್ಸ್ಯಾಪ್ ಗ್ರೂಪಿನಲ್ಲಿ ಕೇಳಲು ಹೊರಟಿದ್ದೀಯಲ್ಲ ಪುಟ್ಟಿ, ಸ್ವಲ್ಪ ತಾಳು. ಅವರಿಗೆ ಪ್ರಾಜೆಕ್ಟ್ ವರದಿ ಕಳಿಸಿದವಳು ನೀನೇ ತಾನೆ? ನಿಮ್ಮ ತಲೆಮಾರಿನವರು ಹುಡುಕುವ ಮೊದಲೇ ಕೇಳಿಬಿಡುತ್ತೀರಿ. ನನಗೆ ಅದು ಹಿಡಿಸುವುದಿಲ್ಲ.

ಮೊದಲು ಸುಲಭದ ಜಾಗ ನೋಡು. ನೀನು ಪತ್ರ ಬರೆದವರ ವಿಳಾಸವನ್ನು ಜಿಮೇಲ್ ತಾನಾಗಿಯೇ ಕಾಂಟ್ಯಾಕ್ಟ್ಸ್‌ನ ‘ಅದರ್ ಕಾಂಟ್ಯಾಕ್ಟ್ಸ್’ ಎಂಬ ಮೂಲೆಯಲ್ಲಿ ಇಟ್ಟಿರುತ್ತದೆ, ಆ ಸೆಟ್ಟಿಂಗ್ ಆಫ್ ಮಾಡಿರಬಾರದು ಅಷ್ಟೆ. ಥಂಡರ್‌ಬರ್ಡ್ ಬಳಸುವ ನನ್ನಂಥವರಿಗೆ ‘ಕಲೆಕ್ಟೆಡ್ ಅಡ್ರೆಸಸ್’ ಇದೆ.

ಅಲ್ಲಿಲ್ಲವೋ, ಸೆಂಟ್‌ಗೆ ಹೋಗು. ಎಲ್ಲರೂ ಇನ್‌ಬಾಕ್ಸ್ ಜಾಲಾಡುತ್ತಾರೆ. ಮೇಷ್ಟ್ರು ಉತ್ತರವನ್ನೇ ಬರೆದಿರಲಿಕ್ಕಿಲ್ಲ, ನೀನು ಕಳಿಸಿದ್ದಂತೂ ನಿಜ. ಬಿನ್‌ಗೆ ಹಾಕಿದ್ದರೆ ಮಾತ್ರ ಕಷ್ಟ. ಜಿಮೇಲ್ ಅದನ್ನು 30 ದಿನವಾದ ಮೇಲೆ ಅಳಿಸಿಬಿಡುತ್ತದೆ.

ಹುಡುಕುವಾಗ ಹೆಸರನ್ನೇ ನೆಚ್ಚಬೇಡ. ನಮ್ಮ ಹೆಸರುಗಳ ಇಂಗ್ಲಿಷ್ ಕಾಗುಣಿತ ಒಬ್ಬೊಬ್ಬರದು ಒಂದೊಂದು. ಶ್ರೀನಿವಾಸ ಅಂತ ಬರೆಯುವಾಗ ಎಸ್ ಆದಮೇಲೆ ಎಚ್ ಇಡುವವರುಂಟು, ಬಿಡುವವರುಂಟು; ಕೆಲವರು ಎರಡು ಇ ಹಾಕುತ್ತಾರೆ, ಕೆಲವರು ಕೊನೆಗೊಂದು ಎ ಸೇರಿಸುತ್ತಾರೆ. ಎಷ್ಟೋ ಮೇಷ್ಟ್ರುಗಳ ವಿಳಾಸದಲ್ಲಿ ಇನಿಷಿಯಲ್ಲೂ ಹುಟ್ಟಿದ ಇಸವಿಯೂ ಬಿಟ್ಟರೆ ಬೇರೇನೂ ಇರುವುದಿಲ್ಲ. ಅದಕ್ಕೆ ವಿಷಯ ಹಿಡಿದು ಹುಡುಕು: ಪ್ರಾಜೆಕ್ಟಿನ ಶೀರ್ಷಿಕೆಯಲ್ಲಿದ್ದ ಒಂದು ಅಪರೂಪದ ಪದ, ಲ್ಯಾಬಿನ ಹೆಸರು, ಸೆಮಿನಾರಿನ ವಿಷಯ. ಜಿಮೇಲ್‌ನ ಹುಡುಕು ಪಟ್ಟಿಯ ಬಲತುದಿಯ ಗುರುತು ಒತ್ತಿದರೆ, ಇಂಥ ದಿನಾಂಕದ ಹಿಂದೆಮುಂದೆ ಇಷ್ಟು ದಿನದೊಳಗೆ, ಅಟ್ಯಾಚ್‌ಮೆಂಟ್ ಇರಬೇಕು ಅಂತೆಲ್ಲ ಹೇಳಬಹುದು. ನೀನು ವರದಿ ಕೊಟ್ಟ ತಿಂಗಳು ನಿನಗೆ ಗೊತ್ತು. ಅಲ್ಲಿಗೆ ಸಾವಿರಾರು ಮೇಲ್‌ಗಳು ನಾಲ್ಕೈದಕ್ಕೆ ಇಳಿಯುತ್ತವೆ.

(ನಮ್ಮ ಕಾಲದ ಮೇಲ್‌ಗಳಿಗೆ ಇನ್ನೊಂದು ತಾಪತ್ರಯ. ನುಡಿ, ಬರಹ ಎಂಬ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ ಕನ್ನಡ ಕಂಪ್ಯೂಟರಿನ ಪಾಲಿಗೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಾಲು. ಈಗಿನ ಯೂನಿಕೋಡ್ ಕನ್ನಡದಲ್ಲಿ ಎಷ್ಟು ಹುಡುಕಿದರೂ ಅದು ಸಿಗದು. ಅವನ್ನು ದಿನಾಂಕ ಹಿಡಿದೇ ತೆಗೆಯಬೇಕು.)

ಮೇಲ್ ಸಿಕ್ಕಮೇಲೆ ತೋರುವ ಹೆಸರಿಗೆ ಮೋಸಹೋಗಬೇಡ. ಅದರ ಮೇಲೆ ಒತ್ತಿ ನಿಜವಾದ ವಿಳಾಸ ನೋಡು. ಮೇಷ್ಟ್ರು ಬರೆದ ಮೇಲ್ ಆದರೆ ಕೊನೆಯ ಸಹಿಯ ತನಕ ಓದು. ಫೋನ್ ನಂಬರೋ ಇನ್ನೊಂದು ವಿಳಾಸವೋ ಅಲ್ಲೇ ಇರಬಹುದು. ಸಿಸಿ ಸಾಲನ್ನೂ ನೋಡು, ವಿಭಾಗದ ಮುಖ್ಯಸ್ಥರು ಅಲ್ಲಿರಬಹುದು. ಬೇರೆಯವರು ಫಾರ್ವರ್ಡ್ ಮಾಡಿದ ಪತ್ರದ ಹೊಟ್ಟೆಯೊಳಗೂ ಮೂಲ ಬರೆದವರ ವಿಳಾಸ ಉಳಿದಿರುವುದುಂಟು.

ವಿಳಾಸ ಸಿಕ್ಕಿತು ಅಂದಮಾತ್ರಕ್ಕೆ ಅದು ಬದುಕಿದೆ ಅಂತಲ್ಲ. ಕಾಲೇಜು ಕೊಟ್ಟ ವಿಳಾಸವನ್ನು ನಿವೃತ್ತಿಯಾದ ಮೇಲೆ ಮುಚ್ಚಿರಬಹುದು. ಎರಡು ವರ್ಷ ಮುಟ್ಟದ ಸ್ವಂತ ಖಾತೆಗಳನ್ನು ಗೂಗಲ್ 2023ರ ಡಿಸೆಂಬರ್‌ನಿಂದ ತೆಗೆದುಹಾಕತೊಡಗಿದೆ. ಪತ್ರ ವಾಪಸ್ ಬಂದರೆ ಆಗ ಕಾಲೇಜಿನ ಆಫೀಸಿಗೆ ಫೋನ್ ಮಾಡು. ಆಗ ಕೇಳಿದರೆ ನಾನು ಬೇಡ ಅನ್ನುವುದಿಲ್ಲ.

ಬರೆಯುವಾಗ ಆ ವಿಳಾಸವನ್ನು ಎತ್ತಿಕೊಂಡು ಹೊಸ ಮೇಲ್ ಶುರುಮಾಡಬೇಡ. ಹಳೆಯ ಮೇಲ್‌ಗೇ ರಿಪ್ಲೈ ಹಾಕು. ವರ್ಷಕ್ಕೆ ನೂರಾರು ಮಕ್ಕಳಿಗೆ ಪಾಠ ಮಾಡುವವರಿಗೆ ನಿನ್ನ ಹೆಸರೊಂದರಿಂದ ನೆನಪು ಬರುವುದು ಕಷ್ಟ. ಕೆಳಗೆ ನಿನ್ನದೇ ವರದಿಯ ಮಾತು ಕಂಡರೆ ಯಾರೆಂದು ಹೊಳೆಯುತ್ತದೆ. ಸಬ್ಜೆಕ್ಟ್ ಮಾತ್ರ ಬದಲಿಸು, ಯಾವ ವರ್ಷದ ಬ್ಯಾಚು ಅಂತ ಮೊದಲ ಸಾಲಿನಲ್ಲೇ ಹೇಳು. ರಿಪ್ಲೈ ಆಲ್ ಒತ್ತಬೇಡ. ಸಿಸಿಯಲ್ಲಿದ್ದ ಸಹಪಾಠಿಗಳಿಗೆ ನಿನ್ನ ಶಿಫಾರಸಿನ ಸುದ್ದಿ ಯಾಕೆ? ಅವರ ವಿಳಾಸಗಳನ್ನು ಕೇಳದೆ ಇನ್ನೊಬ್ಬರಿಗೆ ಕೊಡುವುದೂ ಬೇಡ.

ಮೇಷ್ಟ್ರ ಉತ್ತರ ಬಂದ ಕೂಡಲೇ ಕಾಂಟ್ಯಾಕ್ಟ್‌ನಲ್ಲಿ ಹೆಸರು, ಕಾಲೇಜು, ವಿಷಯ ಮೂರನ್ನೂ ಬರೆದು ಸೇವ್ ಮಾಡಿಕೊ. ಅವರಿಗೆ ಪತ್ರ ಬರೆಯಲು ಎರಡು ವಾರವಾದರೂ ಬೇಕು. ಇವತ್ತು ರಾತ್ರಿಯೇ ಕೂತು ಹುಡುಕು.