ಬರೆಯುವ ಮಸಿಯ ಮೂಲ ಮತ್ತು ಪೂರ್ವಚರಿತ್ರೆ

ಕೃಷ್ಣಾ ಘಟಪ್ರಭಾ ನದಿಗಳ ನಡುವಣ ಬೀಳಗಿ ಸೀಮೆಯ ಎರೆಹೊಲಗಳಲ್ಲಿ ಜಾಲಿಗಿಡವನ್ನು ಅರಿಯದ ರೈತನಿಲ್ಲ. ಅದರ ಕಟ್ಟಿಗೆಯು ಒಕ್ಕಲುತನದ ಸಾಮಾನುಗಳಿಗೂ, ಕಾಯಿಯು ಆಡುಕುರಿಗಳಿಗೂ, ತೊಗಟೆಯು ತೊಗಲು ಹದಮಾಡುವುದಕ್ಕೂ ಉಪಯುಕ್ತವೆಂಬುದು ಸರ್ವರಿಗೂ ವಿದಿತ. ಅದೇ ಗಿಡದ ಅಂಟು ಹಿಂದಿನವರ ಬರವಣಿಗೆಯನ್ನು ಕಾಗದದ ಮೇಲೆ ಹಿಡಿದು ನಿಲ್ಲಿಸಿತೆಂಬುದನ್ನು ಮಾತ್ರ ಕೆಲವರೇ ಬಲ್ಲರು. ಮಸಿಯು ಮೂಲದಲ್ಲಿ ಹೊಲದ ಮತ್ತು ಗಾಣದ ಹುಟ್ಟುವಳಿ. ಅದರ ಬಗೆಗಳನ್ನು ತಿಳಿದರೆ ಮನೆಯ ಹಳೆಯ ಪತ್ರಗಳನ್ನು ಕಾಪಾಡುವುದು ಸುಲಭವಾಗುವುದು.

೧. ಕಾಡಿಗೆಯ ಮಸಿ

ಎಣ್ಣೆಯ ದೀಪಕ್ಕೆ ಗಾಳಿ ಸಾಲದೆ ಹೋದರೆ ಹೊಗೆಯೇಳುತ್ತದೆ. ಅದರ ಮೇಲೆ ಹಿಡಿದ ಪಾತ್ರೆಗೆ ಅಂಟುವ ನುಣುಪಾದ ಕರಿಯೇ ಕಾಡಿಗೆ. ಅದನ್ನು ಅಂಟಿನ ನೀರಿನಲ್ಲಿ ಬಹಳ ಹೊತ್ತು ಅರೆದರೆ ಮಸಿಯಾಗುವುದು. ಅಂಟು ಕರಿಯ ಕಣಗಳನ್ನು ತಳಕ್ಕಿಳಿಯಗೊಡದೆ, ಒಣಗಿದ ಮೇಲೆ ಕಾಗದಕ್ಕೆ ಹಿಡಿಸುತ್ತದೆ. ಈಜಿಪ್ಟ್ ದೇಶದವರು ಕ್ರಿ. ಪೂ. ೨೫೦೦ಕ್ಕೆ ಮೊದಲೇ ಇಂಥ ಮಸಿಯಿಂದ ಬರೆಯುತ್ತಿದ್ದರು. ಭರತಖಂಡದವರು ಒತ್ತಾಗಿ ಬಡಿದ ಅರಿವೆಯ ಮೇಲೆ ಪತ್ರ ಬರೆಯುತ್ತಿದ್ದರೆಂದು ಅಲೆಕ್ಸಾಂಡರನ ನೌಕಾಧಿಪತಿ ನಿಯಾರ್ಕಸನು ಕ್ರಿ. ಪೂ. ೪ನೆಯ ಶತಮಾನದಲ್ಲಿ ಹೇಳಿದ್ದಾನೆ.

ಈ ಮಸಿ ಬಿಸಿಲಿಗೆ ಮಾಸದು. ಆದರೆ ಅಂಟು ನೀರಿನಲ್ಲಿ ಕರಗುವುದರಿಂದ ತೇವಕ್ಕೆ ಕದಡುವುದು. ಈ ದೋಷವನ್ನು ಕಳೆಯಲು ಪೂರ್ವಿಕರು ಅರಗನ್ನು ಬಿಳಿಗಾರದೊಡನೆ ಕುದಿಸಿ ಕಾಡಿಗೆಗೆ ಬೆರೆಸುತ್ತಿದ್ದರು.

೨. ಓಲೆ ಮತ್ತು ಕಡತ

ಕನ್ನಡ ನಾಡಿನಲ್ಲಿ ಓಲೆಯ ಮೇಲೆ ಸಾಮಾನ್ಯವಾಗಿ ಕಂಟದಿಂದ ಕೊರೆದು, ಬಳಿಕ ಕಾಡಿಗೆಯನ್ನು ಸವರಿ ಒರಸುತ್ತಿದ್ದರು. ಕೊರೆದ ಗೀರುಗಳಲ್ಲಿ ಕರಿ ನಿಂತು ಅಕ್ಷರ ಕಾಣುತ್ತಿತ್ತು. ಮುಧೋಳದ ರನ್ನನೇ ಮೊದಲಾದ ಕವಿಗಳ ಕಾವ್ಯಗಳು ಇಂಥ ಓಲೆಗಳಿಂದಲೇ ಉಳಿದುಬಂದವು. ಮೂಡಬಿದಿರೆಯಲ್ಲಿ ದೊರೆತ ೧೨ನೆಯ ಶತಮಾನದ ಧವಲಾ ಗ್ರಂಥದ ಓಲೆಗಳಾದರೋ ಕೊರೆದವಲ್ಲ, ಮಸಿಯಿಂದ ಬರೆದವು.

ಲೆಕ್ಕಪತ್ರಕ್ಕೆ ಕಡತವಿತ್ತು. ಅರಿವೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಲಿಪುಡಿಯನ್ನೂ ಬಳಿದು ಕಪ್ಪಾಗಿಸಿ, ಮಡಿಕೆ ಮಾಡಿ, ಬಳಪದಿಂದ ಬರೆಯುತ್ತಿದ್ದರು. ಇಲ್ಲಿ ಹಾಳೆಯೇ ಕಪ್ಪು, ಅಕ್ಷರವೇ ಬಿಳುಪು. ಅಳಿಸಿ ಮತ್ತೆ ಬರೆಯಬಹುದಾಗಿತ್ತು.

೩. ಕಬ್ಬಿಣದ ಮಸಿ

ಅಳಲೆಕಾಯಿ ಅಥವಾ ಜಾಲಿಯ ತೊಗಟೆಯ ಒಗರು ಕಷಾಯಕ್ಕೆ ಅನ್ನಭೇದಿಯನ್ನು ಹಾಕಿದರೆ ಎರಡನೆಯ ಬಗೆಯ ಮಸಿಯಾಗುವುದು. ಬರೆದಾಗ ತಿಳಿಯಾಗಿದ್ದು, ಗಾಳಿ ತಗುಲಿದಂತೆ ಕಪ್ಪೇರುತ್ತದೆ. ಇದು ಕಾಗದದೊಳಗೆ ಇಳಿಯುವುದರಿಂದ ಸುಲಭವಾಗಿ ಅಳಿಯದು. ಆದರೆ ಇದರ ಹುಳಿಯು ಕಾಲಕ್ರಮದಲ್ಲಿ ಕಾಗದವನ್ನೇ ತಿಂದು ಅಕ್ಷರವಿದ್ದಲ್ಲಿ ತೂತು ಮಾಡುತ್ತದೆ. ೧೮೫೬ರಲ್ಲಿ ಪರ್ಕಿನ್ನನು ಕೃತಕ ಬಣ್ಣವನ್ನು ಕಂಡುಹಿಡಿದ ಅನಂತರ ಬಣ್ಣದ ಮಸಿಗಳು ಅಗ್ಗವಾದವು. ಅವುಗಳಲ್ಲಿ ಅನೇಕವು ಬಿಸಿಲಿಗೆ ಮಾಸುವಂಥವು.

೪. ರೈತರು ಗಮನಿಸತಕ್ಕ ಅಂಶಗಳು

ಜಮಖಂಡಿ, ಮುಧೋಳ ಸಂಸ್ಥಾನಗಳು ೧೯೪೮ರಲ್ಲಿ ವಿಲೀನವಾದವು. ಆ ಕಾಲದ ಮೋಡಿ ಮತ್ತು ಕನ್ನಡ ಕಾಗದಗಳು ಇಂದಿಗೂ ಕೆಲವು ಮನೆಗಳ ಪೆಟ್ಟಿಗೆಗಳಲ್ಲಿವೆ. ಆಲಮಟ್ಟಿಯ ಹಿನ್ನೀರಿನಿಂದ ಬೀಳಗಿ ತಾಲೂಕಿನ ಹಲವು ಹಳ್ಳಿಗಳು ಸ್ಥಳಾಂತರಗೊಂಡವು. ೨೦೧೯ರಲ್ಲಿ ನದಿಗಳು ಉಕ್ಕಿ ಮನೆಗಳಿಗೆ ನುಗ್ಗಿದವು. ಇಂಥ ಸಮಯದಲ್ಲಿ ಕಾಗದ ಉಳಿದರೂ ಅಕ್ಷರ ಹೋಗಬಹುದು. ಆದುದರಿಂದ:

(ಅ) ಹಳೆಯ ಪತ್ರವನ್ನು ನೀರಿನಿಂದಾಗಲಿ ಒದ್ದೆ ಬಟ್ಟೆಯಿಂದಾಗಲಿ ಒರಸಬಾರದು.

(ಆ) ನೆನೆದ ಪತ್ರವನ್ನು ತಿಕ್ಕದೆ, ಬಿಸಿಲಿಗೆ ಹಾಕದೆ, ನೆರಳಿನಲ್ಲಿ ಗಾಳಿಗೆ ಹರಡಿ ಒಣಗಿಸತಕ್ಕದ್ದು.

(ಇ) ಕಬ್ಬಿಣದ ಮಸಿಯ ಕಂದು ಅಕ್ಷರಗಳಿದ್ದ ಕಾಗದವನ್ನು ಮೇಲಿಂದ ಮೇಲೆ ಮಡಿಚಬಾರದು.

(ಈ) ಓಲೆಯ ಅಕ್ಷರ ಕಾಣದಾದರೆ ಎಸೆಯಬಾರದು. ಕರಿ ಹೋದರೂ ಗೀರು ಉಳಿದಿರುತ್ತದೆ. ತಿಳಿದವರು ಪುನಃ ಕಾಡಿಗೆ ಸವರಿದರೆ ಓದಲು ಬರುವುದು.

(ಉ) ಪತ್ರಗಳೆಲ್ಲವುಗಳ ಛಾಯಾಪ್ರತಿಯನ್ನು ತೆಗೆಯಿಸಿ ಬೇರೆಡೆಯಲ್ಲಿಡುವುದು ಲೇಸು.

ಬೀಜದ ಕಾಳನ್ನು ಹುಳದಿಂದಲೂ ತೇವದಿಂದಲೂ ಕಾಯುವ ರೈತನಿಗೆ ಈ ಎಚ್ಚರಿಕೆಯು ಹೊಸದಲ್ಲ. ಹೊಲದ ಕಾಗದವೂ ಮುಂದಿನ ಪೀಳಿಗೆಗೆ ಉಳಿಸತಕ್ಕ ಬೀಜವೇ ಆಗಿದೆ.