ಹಾಸನ ಸೀಮೆಯಲ್ಲಿ ಚೆನ್ನಾಗಿ ಉಣ್ಣಲು ಏಳು ಸೂತ್ರಗಳು

ಹಾಸನ ಜಿಲ್ಲೆಯ ಮೂಡಣ ಪಾಲು ರಾಗಿ, ತೆಂಗಿನ ಬಯಲುಸೀಮೆ. ಪಡುವಣ ಪಾಲು ಭತ್ತ, ಕಾಫಿಯ ಮಲೆನಾಡು. ಇದನ್ನು ತಿಳಿದು ಹೊರಟವರಿಗೆ ಇಲ್ಲಿ ಒಳ್ಳೆಯ ಊಟ ತಪ್ಪುವುದಿಲ್ಲ.

1. ಹೊಲ ನೋಡಿ ಊಟ ಆರಿಸಿ. ಚನ್ನರಾಯಪಟ್ಟಣ, ಹೊಳೆನರಸೀಪುರದಲ್ಲಿ ಮುದ್ದೆ ಕೇಳಿ. ಸಕಲೇಶಪುರದ ಕಡೆ ಅಕ್ಕಿ ರೊಟ್ಟಿ, ಕಡುಬು. ಕೊಡಗಿಗೆ ಅಂಟಿಕೊಂಡ ಅರಕಲಗೂಡಿನಲ್ಲಿ ಎರಡೂ ಒಗ್ಗುತ್ತವೆ.

2. ಮುದ್ದೆಗೆ ಮಧ್ಯಾಹ್ನವೇ ಹೋಗಿ. ಜೊತೆಗೆ ಬಸ್ಸಾರು ಇರಲಿ: ಸೊಪ್ಪು, ಕಾಳು ಬೇಯಿಸಿ ಬಸಿದ ಕಟ್ಟು ಸಾರಾಗುತ್ತದೆ, ಉಳಿದದ್ದು ಪಲ್ಯ. ಮುದ್ದೆ ಆರುವ ಮುನ್ನ ಮುರಿದು, ಸಾರಿನಲ್ಲಿ ಅದ್ದಿ, ಅಗಿಯದೆ ನುಂಗಿ.

3. ಮಾಂಸದೂಟಕ್ಕೆ ಮಿಲಿಟರಿ ಹೋಟೆಲ್ ಹುಡುಕಿ. ಕೂರುವ ಮುನ್ನವೇ "ನಾಟಿ ಕೋಳಿನಾ, ಫಾರಂ ಕೋಳಿನಾ?" ಎಂದು ಕೇಳಿ. ಮೀನೂಟದ ಆಸೆಯಿದ್ದರೂ ಒಂದು ನೆನಪಿರಲಿ: ರಾಮನಾಥಪುರದ ವಹ್ನಿ ಪುಷ್ಕರಿಣಿಯ ಮೀನುಗಳು ದೇವರ ಮೀನುಗಳು, ಅವನ್ನು ಹಿಡಿಯುವಂತಿಲ್ಲ.

4. ಕಾಲಕ್ಕೆ ತಕ್ಕಂತೆ ಬನ್ನಿ. ಡಿಸೆಂಬರ್, ಜನವರಿಯಲ್ಲಿ ಸೊಗಡಿನ ಅವರೆ; ಹಿತಕಿದ ಬೇಳೆ ಸಾರು ಬಿಡಬೇಡಿ. ಮಳೆಗಾಲದಲ್ಲಿ ಮಲೆನಾಡಿನ ಅಂಚಿನಲ್ಲಿ ಕಳಲೆ, ಅಣಬೆ. ಮುಂಗಾರಿಗೆ ಬಿತ್ತಿದ ಹಾಸನದ ಆಲೂಗಡ್ಡೆ ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ಹೊಲದಿಂದೇಳುತ್ತದೆ. ಆಗ ಪಲ್ಯ ಹಾಕಿದ ದೋಸೆಯ ರುಚಿಯೇ ಬೇರೆ.

5. ಶ್ರವಣಬೆಳಗೊಳದಲ್ಲಿ ಬೆಟ್ಟ ಮೊದಲು, ಊಟ ಆಮೇಲೆ. 58 ಅಡಿಯ ಗೊಮ್ಮಟನನ್ನು ಕಾಣಲು 600ಕ್ಕೂ ಹೆಚ್ಚು ಮೆಟ್ಟಿಲು ಹತ್ತಬೇಕು. ಬಂಡೆ ಕಾಯುವ ಮುನ್ನ ಹತ್ತಿ ಇಳಿದು, ಎಳನೀರು ಕುಡಿದು, ನಂತರ ಉಣ್ಣಿ. ಜೈನ ಸಂಪ್ರದಾಯದಲ್ಲಿ ಸೂರ್ಯಾಸ್ತದ ಒಳಗೆ ಊಟ ಮುಗಿಯುತ್ತದೆ. ರಾತ್ರಿಯೂಟಕ್ಕೆ ಚನ್ನರಾಯಪಟ್ಟಣ ಸೇರಿಕೊಳ್ಳಿ.

6. ಹಾಸನಾಂಬ ದರ್ಶನಕ್ಕೆ ಹೊಟ್ಟೆ ತುಂಬಿಸಿಕೊಂಡೇ ಹೊರಡಿ. ವರ್ಷಕ್ಕೊಮ್ಮೆ, ಆಶ್ವಯುಜ ಮಾಸದಲ್ಲಷ್ಟೇ ಬಾಗಿಲು ತೆರೆಯುವ ಗುಡಿಯಿದು. ಸಾಲು ಗಂಟೆಗಟ್ಟಲೆ, ಹೋಟೆಲುಗಳೆಲ್ಲ ಭರ್ತಿ. ಬೆಳಗ್ಗೆ ಬೇಗ ತಿಂಡಿ ಮುಗಿಸಿ. ನೀರು, ಬಾಳೆಹಣ್ಣು ಕೈಯಲ್ಲಿರಲಿ.

7. ಕಾಫಿಪುಡಿ ಕೊಂಡೇ ಊರಿಗೆ ಮರಳಿ. ಕೊಡಗು, ಚಿಕ್ಕಮಗಳೂರಿನಂತೆ ಹಾಸನವೂ ಕಾಫಿ ಬೆಳೆಯುವ ಜಿಲ್ಲೆ. ಕಣ್ಣೆದುರೇ ಬೀಜ ಪುಡಿ ಮಾಡಿಸಿ, ಚಿಕೋರಿ ಎಷ್ಟು ಬೇಕೆಂದು ನೀವೇ ಹೇಳಿ.

ಬೆಂಗಳೂರಿನಲ್ಲಿ ದಿನವೂ ಸಿಗುವ ಗೋಬಿ ಮಂಚೂರಿಯನ್ನು ಇಲ್ಲಿ ಬಂದು ಕೇಳಬೇಡಿ. "ಇವತ್ತು ಏನು ಸಾರು, ಅಣ್ಣ?" ಎಂದು ಕೇಳಿ, ಅವರು ಹೇಳಿದ್ದನ್ನೇ ಉಣ್ಣಿ.